ಪ್ರಜ್ಞಾಳ ಹೆಸರಿನ ಮಾಫಿ ಅರ್ಜಿ

ಬೈಲಹೊಂಗಲ
೬ ಏಪ್ರಿಲ್ ೨೦೨೫, ರವಿವಾರ

ವಿಷಯ: ನಿನ್ನ ನೌಕರಿ ಖಾಯಂ ಆಗುವ ಬಗ್ಗೆ ವಿಚಾರಣೆ.
ಉಲ್ಲೇಖ: ನಿನ್ನ ದಿನಾಂಕ ೨೩ ಮಾರ್ಚ್‌ನ ಪತ್ರ.

ಚಿರಂಜೀವಿ ಪ್ರಜ್ಞಾಳಿಗೆ ಮುತ್ಯಾನ ಜೈ ಭೀಮ್ ಮತ್ತು ಆಶೀರ್ವಾದ.

ಉಲ್ಲೇಖಿತ ಪತ್ರವು ತಲುಪಿದೆ. ಅದರಲ್ಲಿ ನೀನು ರಾಮದುರ್ಗದ ಬಿಸಿಲನ್ನೂ, ನಿನ್ನ ಮನೆಯೊಡತಿ ಗುರುಬಸವ್ವನವರ ಕೆಂಪು ಮೆಣಸಿನಕಾಯಿ ಹಿಂಡಿಯನ್ನೂ ಎರಡು ಪುಟ ತುಂಬ ವರ್ಣಿಸಿ, ನಾನು ಕೇಳಿದ ಒಂದೇ ಪ್ರಶ್ನೆಗೆ ಉತ್ತರಿಸದೆ ಬಿಟ್ಟಿರುವುದನ್ನು ಗಮನಿಸಲಾಗಿದೆ. ಪ್ರಶ್ನೆಯನ್ನು ಪುನಃ ನಮೂದಿಸುತ್ತೇನೆ: ಮಣ್ಣು ಪರೀಕ್ಷೆ ಕೇಂದ್ರದಲ್ಲಿ ನೀನು ಸೇರಿ ಎರಡು ವರ್ಷ ಆಗುತ್ತ ಬಂತು. ಖಾಯಂ ಆದೇಶ ಯಾವಾಗ ಕೈಸೇರುವುದು?

ನನ್ನ ಕಿವಿ ಈಗ ಫೋನಿನ ಮಾತನ್ನು ಪೂರ್ತಿ ಬಿಟ್ಟುಕೊಟ್ಟಿದೆ. ನಿನ್ನ ಅಪ್ಪ ಭೀಮಶಿ ಮೋಟಾರ್ ವೈಂಡಿಂಗ್ ಅಂಗಡಿಯಿಂದ ಬಂದು, ನೀನು ಫೋನಿನಲ್ಲಿ ಹೇಳಿದ್ದನ್ನು ನನ್ನ ಕಿವಿಯಲ್ಲಿ ಕೂಗಿ ಹೇಳುವಷ್ಟರಲ್ಲಿ ಅರ್ಧ ಮಾತು ದಾರಿಯಲ್ಲೇ ಉದುರಿರುತ್ತದೆ. ಆದ್ದರಿಂದ ಬರವಣಿಗೆಯೇ ಲೇಸು. ಬರೆದದ್ದು ಉದುರುವುದಿಲ್ಲ.

ಹದಿನೆಂಟು ವರ್ಷದವನಿದ್ದಾಗ ಇದೇ ಊರಿನ ವಕೀಲರೊಬ್ಬರ ಪಡಸಾಲೆಯಲ್ಲಿ ಕುಳಿತು ಅರ್ಜಿಗಳ ನಕಲು ಮಾಡುತ್ತಿದ್ದೆ. ನಮ್ಮ ಕೇರಿಯಲ್ಲಿ ಆಗ ಮಸಿ ಹತ್ತಿದ ಬೆರಳು ನನ್ನದೊಂದೇ. ಸಂಜೆ ಮನೆಗೆ ಬಂದರೆ ನನ್ನ ಅವ್ವ ಆ ಬೆರಳು ಹಿಡಿದು ನೆರೆಯವರಿಗೆ ತೋರಿಸುತ್ತಿದ್ದಳು, ತೊಳೆಯಲು ಬಿಡುತ್ತಿರಲಿಲ್ಲ. ಸಾಹೇಬರ ಮುಂದೆ ಹೇಗೆ ನಿಲ್ಲಬೇಕು, ಯಾವ ಮಾತು ಮೊದಲು, ಯಾವುದು ಕೊನೆಗೆ ಎಂಬುದನ್ನೆಲ್ಲ ನಾನು ಶಾಲೆಯಲ್ಲಿ ಕಲಿಯಲಿಲ್ಲ, ನಕಲು ಮಾಡುತ್ತ ಕಲಿತೆ. ಸವದತ್ತಿಯ ಕಚೇರಿಗೆ ಗುಮಾಸ್ತನಾಗಿ ಹೋದದ್ದು ಆ ವಿದ್ಯೆಯ ಬಲದಿಂದ. ನಿನ್ನದು ಬಿ.ಎಸ್ಸಿ. ವಿದ್ಯೆ. ನನಗಿಂತ ಮೇಲೇರಬೇಕಾದವಳು ನೀನು.

ಇದನ್ನು ಬರೆಯುವಾಗ ನಿನ್ನ ಆಯಿ ಶೆಟ್ಟೆವ್ವ ಮೊಮ್ಮಗಳ ಚಿಂತೆಯಲ್ಲಿ ಪಕ್ಕದಲ್ಲಿ ಕುಳಿತು, "ಮದ್ಲ ಆಕಿ ಉಂಡಾಳೋ ಇಲ್ಲೋ ಕೇಳ್ರಿ. ಆಮ್ಯಾಗ ನಿಮ್ಮ ವಿಷಯ, ನಿಮ್ಮ ಉಲ್ಲೇಖ" ಎಂದು ತಗಾದೆ ತೆಗೆದಿದ್ದಾಳೆ. ಆ ಪ್ರಕಾರ ಕೇಳಲಾಗಿದೆ. ಹದಿನಾಲ್ಕರ ಭೀಮ ಜಯಂತಿಗೆ ಬರುವೆಯೋ ಇಲ್ಲವೋ ತಿಳಿಸುವುದು.

ನಿನ್ನ ಮುತ್ಯಾ,
ಲಗಮಣ್ಣ



ರಾಮದುರ್ಗ
೧೭ ಏಪ್ರಿಲ್ ೨೦೨೫

ಪ್ರೀತಿಯ ಮುತ್ಯಾ, ಜೈ ಭೀಮ್.

ಜಯಂತಿಗೆ ಬರಲಾಗಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಮಳೆಗಾಲಕ್ಕೆ ಮುಂಚೆ ಎಲ್ಲರಿಗೂ ಮಣ್ಣಿನ ನೆನಪಾಗುತ್ತದೆ. ದಿನಕ್ಕೆ ನೂರು ಚೀಲ ಬರುತ್ತಿವೆ. ಹಳೆಯ ಪತ್ರಿಕೆಗಳ ಮೇಲೆ ಮಣ್ಣು ಹರವಿ, ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿಯುವುದರಲ್ಲೇ ಮಧ್ಯಾಹ್ನ ಆಗುತ್ತದೆ. ಸ್ನೇಹಲ್ ಗೊತ್ತಲ್ಲ, ನನ್ನ ಜೊತೆಗೆ ಕೆಲಸಕ್ಕೆ ಸೇರಿದವಳು? ಅವಳ ಕೂದಲಿಗೆ ಎರೆಮಣ್ಣಿನ ಬಣ್ಣ ಬಂದಿದೆ.

ಮೊನ್ನೆ ಮಡಿವಾಳೆಪ್ಪ ಎಂಬ ಹಿರಿಯರು ಒಂದೇ ಹೊಲದ ಮಣ್ಣನ್ನು ಮೂರು ಚೀಲದಲ್ಲಿ ತಂದು, ಮೂರು ಹೆಸರು ಬರೆಸಿದರು. ಮೂರಕ್ಕೂ ಒಂದೇ ಫಲಿತಾಂಶ ಬಂದಾಗ ನಾನು ನಕ್ಕೆ. "ನಗಬ್ಯಾಡ ತಂಗಿ. ನಿಮ್ಮ ಮಶೀನು ಖರೇ ಹೇಳತೈತೋ ಸುಳ್ಳ ಹೇಳತೈತೋ ನೋಡಬೇಕಾಗಿತ್ತು. ಪಾಸಾತು!" ಎಂದು ಹೆಗಲ ಮೇಲಿನ ವಲ್ಲಿಯಿಂದ ನಮ್ಮ ಮೇಜನ್ನು ಒರೆಸಿ ಹೋದರು.

ಈ ಕೆಲಸ ನನಗೆ ಹಿಡಿಸಿದೆ, ಮುತ್ಯಾ. ಚೀಲ ಬಿಚ್ಚಿದ ಕೂಡಲೇ ಇದು ಮಲಪ್ರಭೆಯ ದಂಡೆಯದು, ಇದು ಗುಡ್ಡದ ಕಡೆಯದು ಎಂದು ಈಗ ಕೈಗೇ ತಿಳಿಯುತ್ತದೆ.

ಖಾಯಂ ವಿಷಯ ನಾನು ತಪ್ಪಿಸಿಕೊಂಡದ್ದಲ್ಲ. ಹೇಳುವಂಥದ್ದೇನೂ ಇಲ್ಲ. ಮೇ ಹದಿನೈದಕ್ಕೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. ಆಮೇಲೆ ಮತ್ತೆ ತೆಗೆದುಕೊಳ್ಳುತ್ತಾರೆ. ಹೋದ ವರ್ಷವೂ ಹೀಗೇ ಆಗಿತ್ತು. ಚಿಂತೆ ಮಾಡಬೇಡಿ.

ಆಯಿಗೆ ಹೇಳಿ: ಉಂಡಿದ್ದೇನೆ. ಎರಡು ರೊಟ್ಟಿ, ಹೆಸರುಕಾಳು ಪಲ್ಯ.

ನಿಮ್ಮ ಪ್ರಜ್ಞಾ



ಬೈಲಹೊಂಗಲ
೨೪ ಏಪ್ರಿಲ್ ೨೦೨೫

ವಿಷಯ: ನಿನ್ನನ್ನು ಕೆಲಸದಿಂದ ತೆಗೆಯುವ ಬಗ್ಗೆ.
ಉಲ್ಲೇಖ: ನಿನ್ನ ದಿನಾಂಕ ೧೭ ಏಪ್ರಿಲ್‌ನ ಪತ್ರ.

ಚಿ. ಪ್ರಜ್ಞಾ,

ನಿನ್ನ ಪತ್ರದ ಕೊನೆಗೆ ಅಡಗಿಸಿಟ್ಟ ನಾಲ್ಕು ಸಾಲುಗಳನ್ನು ಅನೇಕ ಬಾರಿ ಓದಿದೆ. ನಿಷ್ಕಾರಣವಾಗಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಹೋದ ವರ್ಷವೂ ಆಗಿತ್ತೆಂದರೆ ಇದು ಎರಡನೆಯ ಬಾರಿ. ಅದನ್ನು ನೀನು ಆಗ ಮುಚ್ಚಿಟ್ಟೆ.

ಏನು ಲೋಪವಾಗಿದೆ? ಮೇಲಿನವರಿಗೆ ಎದುರಾಡಿದೆಯಾ? ಯಾವುದಾದರೂ ವರದಿ ಅದಲುಬದಲಾಯಿತೆ? ಮರೆಮಾಚದೆ ಬರೆ. ಭೀಮಶಿಗೆ ಈ ಸಂಗತಿ ತಿಳಿಸಿಲ್ಲ, ತಿಳಿಸುವುದೂ ಇಲ್ಲ. ಉತ್ತರ ಬೇಗನೆ ಬರಲಿ.

ಲಗಮಣ್ಣ



ಬೈಲಹೊಂಗಲ
೫ ಮೇ ೨೦೨೫

ವಿಷಯ: ನಿನ್ನ ಪರವಾಗಿ ಕೈಗೊಂಡ ಕ್ರಮ.
ಉಲ್ಲೇಖ: ನಿನ್ನಿಂದ ಯಾವ ಪತ್ರವೂ ಬಾರದಿರುವುದು.

ಚಿ. ಪ್ರಜ್ಞಾ,

ಎಂಟು ದಿನ ದಾರಿ ನೋಡಿದೆ. ನೀನು ಬರೆಯಲಿಲ್ಲ. ತಪ್ಪು ಮಾಡಿದ ಮಕ್ಕಳು ಮಾತಾಡುವುದಿಲ್ಲ ಎಂಬುದು ನನಗೆ ತಿಳಿಯದ್ದೇನಲ್ಲ. ನಿನ್ನ ಅಪ್ಪನೂ ಸಣ್ಣವನಿದ್ದಾಗ ಕಂದೀಲಿನ ಗಾಜು ಒಡೆದು ಎರಡು ದಿನ ಮೂಕನಾಗಿದ್ದ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ಇಂಥ ಪ್ರಸಂಗಕ್ಕೆ ಒಂದು ದಾರಿ ಇದೆ. ಆ ದಾರಿಯನ್ನು ನಾನು ಬಲ್ಲೆ. ಮೇ ಎರಡರಂದು ನಿನ್ನ ಕೇಂದ್ರದ ಮುಖ್ಯಸ್ಥರ ಹೆಸರಿಗೆ ರಿಜಿಸ್ಟರ್ ಅಂಚೆಯಲ್ಲಿ ಒಂದು ಮಾಫಿ ಅರ್ಜಿ ಕಳಿಸಿದ್ದೇನೆ. ಮಾಹಿತಿಗಾಗಿ ಅದರ ನಕಲನ್ನು ಇಲ್ಲಿ ಕಾಣಿಸಿದೆ:

"ಮಹಾಶಯರೇ, ಈ ಮೂಲಕ ತಮ್ಮ ಕೇಂದ್ರದ ನೌಕರಳಾದ ಪ್ರಜ್ಞಾ ಭೀಮಶಿ ಆದ ನಾನು ತಮ್ಮ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಎಳೆಯ ಬುದ್ಧಿಯಿಂದಲೂ ಅನುಭವದ ಕೊರತೆಯಿಂದಲೂ ಕರ್ತವ್ಯದಲ್ಲಿ ಅಪರಾಧವಾಗಿದ್ದು, ಅದನ್ನು ಮನಃಪೂರ್ವಕ ಒಪ್ಪಿಕೊಂಡಿರುತ್ತೇನೆ. ಇನ್ನು ಮುಂದೆ ಇಂಥದು ಆಗಗೊಡುವುದಿಲ್ಲ. ದಯಾಳುಗಳಾದ ತಾವು ಈ ಒಂದು ಸಲಕ್ಕೆ ಮನ್ನಿಸಿ, ನನ್ನನ್ನು ಸೇವೆಯಲ್ಲಿ ಮುಂದುವರಿಸಬೇಕಾಗಿ ಪ್ರಾರ್ಥನೆ."

ಕೆಳಗೆ ನಿನ್ನ ಹೆಸರನ್ನು ನಾನೇ ಬರೆದೆ. ಜೀವಮಾನದಲ್ಲಿ ಜನರಿಗೆ ಬರೆದುಕೊಟ್ಟ ಅರ್ಜಿಗಳಿಗೆಲ್ಲ ತುದಿಯಲ್ಲಿ "ಬರೆದವರು: ಲಗಮಣ್ಣ" ಎಂದು ಕಾಣಿಸುತ್ತಿದ್ದೆ. ಇದೊಂದಕ್ಕೆ ಬಿಟ್ಟೆ. ನೀನೇ ಬರೆದದ್ದು ಅನ್ನಿಸಿದರೆ ಸಾಹೇಬರ ಮನಸ್ಸು ಬೇಗ ಕರಗುತ್ತದೆ. ಅಕ್ಷರಗಳು ಎಷ್ಟು ದುಂಡಾಗಿ ಬಂದಿವೆಯೆಂದರೆ, ನನ್ನ ಈ ವಯಸ್ಸಿನಲ್ಲಿ ನನಗೇ ಸೋಜಿಗ. ಇನ್ನು ನಿಶ್ಚಿಂತೆಯಿಂದ ಇರು.

ಲಗಮಣ್ಣ



ರಾಮದುರ್ಗ
೯ ಮೇ ೨೦೨೫

ಮುತ್ಯಾ,

ನಾನು ಬರೆಯದೆ ಇದ್ದದ್ದು ತಪ್ಪು ಮಾಡಿದ್ದಕ್ಕಲ್ಲ. ಬೆಳಗಿನಿಂದ ಸಂಜೆಯ ತನಕ ಮಣ್ಣು ಕುಟ್ಟಿ ತೋಳು ಎತ್ತಲಾಗುತ್ತಿರಲಿಲ್ಲ. ನಿಮ್ಮ ಹಿಂದಿನ ಪತ್ರ ತಲೆದಿಂಬಿನ ಕೆಳಗಿತ್ತು. ನಾಳೆ ಬರೆದರಾಯಿತು ಎಂದುಕೊಂಡಿದ್ದೆ.

ನಿನ್ನೆ ನಮ್ಮ ಕೇಂದ್ರದ ಮುಖ್ಯಸ್ಥರು ಬಾಳೇಶ ಸರ್ ಒಳಗೆ ಕರೆದರು. ಮೇಜಿನ ಮೇಲೆ ನಿಮ್ಮ ಅರ್ಜಿ ಇತ್ತು. ನೂರು ಅಕ್ಷರಗಳ ನಡುವೆಯೂ ನಿಮ್ಮ ಅಕ್ಷರ ನನಗೆ ಗೊತ್ತಾಗುತ್ತದೆ. ನನ್ನ ಪಾಟಿಯ ಮೇಲೆ ಕೈ ಹಿಡಿದು ತೀಡಿಸಿದ ಅಕ್ಷರ ಅದು.

"ಏನವಾ ಇದು? ಏನ್ ಅಪರಾಧ ಮಾಡಿ?"

"ಏನೂ ಮಾಡಿಲ್ಲರಿ ಸರ್."

"ಮತ್ತ ಮನಃಪೂರ್ವಕ ಒಪ್ಪಿಕೊಂಡೇನಿ ಅಂತ ಬರದಿಯಲ್ಲ? ಅದೂ ರಿಜಿಸ್ಟರ್ ಮಾಡಿ! ನಾ ಇದನ್ನ ಕಾಣದಂಗ ಹೆಂಗ ಇಡ್ಲಿ? ಏಜೆನ್ಸಿಗೆ ಕಳಿಸಬೇಕಾತು."

ಕಳಿಸಿದರು. ನಮ್ಮನ್ನು ಗುತ್ತಿಗೆಯ ಮೇಲೆ ಕೇಂದ್ರಕ್ಕೆ ಒದಗಿಸುವ ಏಜೆನ್ಸಿಯವರು ಹೇಳಿದ್ದು ಇಷ್ಟು: ತಪ್ಪು ಒಪ್ಪಿಕೊಂಡ ಕಾಗದ ಫೈಲಿನಲ್ಲಿ ಇರುವ ತನಕ ನನ್ನ ಹೊಸ ಕರಾರು ತಡೆಹಿಡಿಯಲಾಗಿದೆ. ಸ್ನೇಹಲ್‌ಳ ಕರಾರು ಬಂದಿದೆ. ನನ್ನದು ಬಂದಿಲ್ಲ.

ಈಗ ಹೇಳುತ್ತೇನೆ, ಕೇಳಿ. ನನ್ನ ಕೆಲಸ ಹನ್ನೊಂದು ತಿಂಗಳ ಕರಾರಿನದು. ಅದು ಮುಗಿದ ಮೇಲೆ ಒಂದು ದಿನ ನಮ್ಮನ್ನೆಲ್ಲ ಹೊರಗಿಡುತ್ತಾರೆ, ಮರುದಿನ ಹೊಸ ಕರಾರು. ಸೇವೆ ಎಲ್ಲೂ ಸತತವಾಗಿ ಕಾಣಬಾರದು, ನಾಳೆ ಯಾರೂ ಖಾಯಂ ಮಾಡಿ ಎಂದು ಕೇಳಬಾರದು, ಅದಕ್ಕೆ. ಆ ಒಂದು ದಿನಕ್ಕೆ ತಪ್ಪು ಬೇಕಾಗಿಲ್ಲ ಮುತ್ಯಾ. ಕ್ಯಾಲೆಂಡರ್ ಸಾಕು. ಹೋದ ವರ್ಷ ಆ ದಿನ ಗುರುಬಸವ್ವನವರಿಗೆ ಗೊತ್ತಾಗಬಾರದೆಂದು ಎಂದಿನಂತೆ ಡಬ್ಬಿ ಕಟ್ಟಿಕೊಂಡು ಹೊರಟು, ಸಂಜೆಯ ತನಕ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ನಿಮಗೆ ಹೇಳಲಿಲ್ಲ. ಹೇಗೆ ಹೇಳಲಿ? ನೀವು ಸವದತ್ತಿಯಲ್ಲಿ ಖಾಯಂ ಗುಮಾಸ್ತರಾಗಿದ್ದವರು, ಸಾಹೇಬರ ಒಂದು ಮಾತು ಸಹಿಸದೆ ರಾಜೀನಾಮೆ ಬಿಸಾಕಿ ಬಂದವರು. ನಮ್ಮ ಬದುಕು ನಿಮಗೆ ತಿಳಿಯುವುದಿಲ್ಲ.

ಅಪ್ಪನಿಗೆ ಫೋನ್ ಮಾಡಿಲ್ಲ. ಹದಿನೈದಕ್ಕೆ ಇನ್ನು ಆರೇ ದಿನ.

ಪ್ರಜ್ಞಾ



ಬೈಲಹೊಂಗಲ
೧೨ ಮೇ ೨೦೨೫, ಬುದ್ಧ ಪೂರ್ಣಿಮೆ

ವಿಷಯ: ನಿಜಸಂಗತಿ.
ಉಲ್ಲೇಖ: ನಿನ್ನ ದಿನಾಂಕ ೯ ಮೇ ಪತ್ರ.

ಚಿ. ಪ್ರಜ್ಞಾ,

ಬೆಳಿಗ್ಗೆ ಎಲ್ಲರೂ ಬಿಳಿಯುಟ್ಟು ಬುದ್ಧವಿಹಾರಕ್ಕೆ ಹೋದರು. ನಾನು ಹೋಗದೆ ಬರೆಯಲು ಕುಳಿತೆ.

ನಿನ್ನ ಪತ್ರದ ಒಂದು ವಾಕ್ಯದಲ್ಲಿ ದೋಷವಿದೆ. ನಾನು ಖಾಯಂ ಗುಮಾಸ್ತನಾಗಿರಲಿಲ್ಲ. ಒಂದು ದಿನವೂ ಆಗಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ನಾನೇ ಹಾಗೆ ಹೇಳಿಟ್ಟಿದ್ದೆ. ಹೇಳಿ ಹೇಳಿ ನನಗೂ ಅದು ನಿಜದಂತೆ ಕಾಣತೊಡಗಿತ್ತು.

೧೯೬೮ರಲ್ಲಿ ಸವದತ್ತಿಯ ಒಂದು ಕಚೇರಿಗೆ ಹಂಗಾಮಿ ನಕಲುಗಾರನಾಗಿ ಸೇರಿದೆ. ಆರು ತಿಂಗಳ ಆದೇಶ. ಎಂಥ ದಿನಗಳು ಅವು ಎಂದು ನಿನಗೆ ಹೇಗೆ ತಿಳಿಸಲಿ! ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ, ನನ್ನ ಕಿಟಕಿಯ ಬಾಗಿಲು ತೆಗೆದು, ದೌತಿಗೆ ಮಸಿ ತುಂಬಿ, ಟಾಕಿನ ಮೊನೆಯನ್ನು ಉಗುರಿನ ಮೇಲೆ ಗೀರಿ ನೋಡುತ್ತಿದ್ದೆ. ಜಾತ್ರೆಗೆಂದು ಗುಡ್ಡಕ್ಕೆ ಹೊರಟ ಚಕ್ಕಡಿಗಳ ಗೆಜ್ಜೆ ಕೇಳುತ್ತಿತ್ತು. ಹೊಸ ಕಾಗದಕ್ಕೆ ಒಂದು ವಾಸನೆ ಇತ್ತು, ಈಗಿನ ಕಾಗದಕ್ಕೆ ಅದಿಲ್ಲ. ನನ್ನ ನಕಲಿನಲ್ಲಿ ಒಂದೂ ಹೊಡೆತ-ತಿದ್ದು ಇರುತ್ತಿರಲಿಲ್ಲ. ದೊಡ್ಡ ಸಾಹೇಬರು ಒಮ್ಮೆ ಅಸಲು ಯಾವುದು, ನಕಲು ಯಾವುದು ಎಂದು ಕೇಳಿದ್ದರು. ಆ ಮಾತಿನ ಮೇಲೆ ನಾನು ಎಷ್ಟೋ ವರ್ಷ ಬದುಕಿದೆ.

ಆರು ತಿಂಗಳು ಮುಗಿದ ದಿನ ಹೆಡ್ ಕ್ಲಾರ್ಕ್ ಉಳವಪ್ಪನವರು ಕರೆದು, "ಲಗಮಾ, ನಾಳಿಂದ ಬರಬ್ಯಾಡ" ಎಂದರು. ನನ್ನಿಂದ ಏನು ತಪ್ಪಾಯಿತು ಎಂದು ಕೇಳಿದೆ. "ಏನರ ಆಗಿರತೈತಿ ಬಿಡೊ. ಒಂದ ಮಾಫಿ ಅರ್ಜಿ ಬರಕೊಡ, ಸಾಹೇಬ್ರ ಮುಂದ ಇಡತೇನಿ" ಎಂದರು. ಬರೆದುಕೊಟ್ಟೆ. ವಾರದೊಳಗೆ ಮತ್ತೆ ಆರು ತಿಂಗಳ ಆದೇಶ ಬಂತು. ಅವರು ಕೆಟ್ಟವರಾಗಿರಲಿಲ್ಲ. ನನ್ನನ್ನು ಉಳಿಸಿಕೊಳ್ಳಲು ಅವರಿಗೆ ತಿಳಿದ ದಾರಿ ಅದಾಗಿತ್ತು.

ಅಂದಿನಿಂದ ಪ್ರತಿ ಆರು ತಿಂಗಳಿಗೆ ಒಂದು. ಹೀಗೆ ಇಪ್ಪತ್ತೆರಡು ಮಾಫಿ ಅರ್ಜಿಗಳನ್ನು ಕೊಟ್ಟು, ಇಪ್ಪತ್ತೆರಡು ಸಲ ಒಳಗೆ ಹೋದೆ. ಪ್ರತಿ ಸಲ ಬೇರೆ ತಪ್ಪು ಬೇಕಲ್ಲ? ಒಮ್ಮೆ ತಡವಾಗಿ ಬಂದೆ ಎಂದು ಬರೆದೆ, ಒಮ್ಮೆ ಮಸಿ ಚೆಲ್ಲಿದೆ ಎಂದು, ಒಮ್ಮೆ ಹಿರಿಯರೆದುರು ಕುಳಿತೆ ಎಂದು. ಯಾವುದನ್ನೂ ನಾನು ಮಾಡಿರಲಿಲ್ಲ. ೧೯೭೯ರಲ್ಲಿ ಇಪ್ಪತ್ತಮೂರನೆಯ ಅರ್ಜಿ ಕೊಟ್ಟೆ. ಅದಕ್ಕೆ ಉತ್ತರವೇ ಬರಲಿಲ್ಲ. ನನ್ನ ಕಿಟಕಿಯ ಹತ್ತಿರ ಬೇರೊಬ್ಬನನ್ನು ಖಾಯಂ ಆಗಿ ಕೂರಿಸಿದ್ದರು. ನಾನು ಬೈಲಹೊಂಗಲಕ್ಕೆ ಬಂದು, ರಾಜೀನಾಮೆ ಕೊಟ್ಟೆ ಎಂದು ಹೇಳಿದೆ.

ಆದ್ದರಿಂದ "ತೆಗೆಯುತ್ತಾರೆ" ಎಂದು ನೀನು ಬರೆದಾಗ ನನಗೆ ಬೇರೆ ದಾರಿ ಹೊಳೆಯಲಿಲ್ಲ. ಅಷ್ಟು ಅರ್ಜಿಗಳನ್ನು ಬರೆಯುತ್ತ ಬರೆಯುತ್ತ, ತೆಗೆಯಲ್ಪಟ್ಟವನು ತಪ್ಪಿತಸ್ಥನೇ ಇರಬೇಕೆಂದು ನಾನೇ ನಂಬಿಬಿಟ್ಟಿದ್ದೆನೋ ಏನೋ. ಮೊಮ್ಮಗಳ ವಿಷಯದಲ್ಲೂ ನಂಬಿದೆ. ಇದು ಮಾತ್ರ ನಾನು ನಿಜವಾಗಿ ಮಾಡಿದ ತಪ್ಪು.

ನಿನ್ನ ಪತ್ರ ಬಂದಾಗಿನಿಂದ ಹೊಸ ಹೇಳಿಕೆಯೊಂದನ್ನು ಬರೆಯಲು ಹೆಣಗಿದೆ. ಮೂರು ಬಾರಿ ಬರೆದು ಹರಿದೆ. ಹೇಗೆ ತೊಡಗಿದರೂ ಎರಡನೆಯ ಸಾಲಿಗೆ "ಕ್ಷಮಿಸಬೇಕು", "ದಯಾಳುಗಳಾದ ತಾವು" ಬಂದು ಕೂರುತ್ತಿದ್ದವು. ನನ್ನ ಕೈಗೆ ಬೇರೆ ಮಾತು ಬರುವುದೇ ಇಲ್ಲ. ಆಗ ನಿನ್ನ ಆಯಿ ವಿಹಾರದಿಂದ ಬಂದು ಕಾಗದದ ಚೂರುಗಳನ್ನು ನೋಡಿ ಏನೆಂದು ಕೇಳಿದಳು. ಎಲ್ಲ ಹೇಳಿದೆ, ಸವದತ್ತಿಯದನ್ನೂ ಹೇಳಿದೆ. ಅವಳು ಸೋಜಿಗಪಡಲಿಲ್ಲ.

"ನನಗ ಗೊತ್ತಿತ್ತು ತಗೀರಿ. ಆರ ತಿಂಗಳಿಗೊಮ್ಮಿ ಮಾರಿ ಸಪ್ಪ ಮಾಡ್ಕೊಂಡು ಬಂದು, ಹೊಟ್ಟಿ ಹಸಿವಿಲ್ಲ ಅಂತಿದ್ರಿ. ನಾ ಕುಡ್ಡಿ ಆಗಿದ್ನೇನ?"

"ಮತ್ತೆ ಒಂದು ದಿನವೂ ಕೇಳಲಿಲ್ಲ?"

"ನೀವ ಅಷ್ಟ ಚಂದ ಸುಳ್ಳ ಹೇಳಾಕತ್ತಿದ್ರಿ, ಹೆಂಗ ಮುರೀಲಿ? ಈಗ ಬರಕೋರಿ, ನಾ ಹೇಳತೇನಿ."

ಅಕ್ಷರ ಬಾರದ ಅವಳು ಹೇಳಿದಳು, ನಾನು ನಕಲು ಮಾಡಿದೆ. "ನನ್ನ ಗಂಡ" ಎಂದು ಅವಳು ಹೇಳಿದಲ್ಲಿ "ನಾನು" ಎಂದು ಹಾಕಿದ್ದೊಂದೇ ನನ್ನ ತಿದ್ದುಪಡಿ. ಅದು ಹೀಗಿದೆ:

"ಆ ಅರ್ಜಿ ಬರದಾಂವ ನಾನು, ಪ್ರಜ್ಞಾನ ಮುತ್ಯಾ. ಆಕಿ ಹೆಸರೂ ನಾನ ಹಾಕೇನಿ. ಆಕಿಗಿ ಗೊತ್ತಿಲ್ಲ. ಆಕಿ ಏನೂ ತಪ್ಪ ಮಾಡಿಲ್ಲ. ಮಾಡಿದ್ರ ಏನಂತ ನೀವ ತೋರಸ್ರಿ. ಇಲ್ಲಾಂದ್ರ ಆ ಕಾಗದ ತಗದ ಒಗೀರಿ. ಲಗಮಣ್ಣ."

ಇಂದು ಅಂಚೆ ಕಚೇರಿಗೆ ರಜೆ. ನಾಳೆ ಕಳಿಸಿದರೆ ಹದಿನೈದರೊಳಗೆ ಮುಟ್ಟುವ ಭರವಸೆ ಇಲ್ಲ. ಆದ್ದರಿಂದ ನಾಳೆ ಮೊದಲ ಬಸ್ಸಿಗೆ ಹೊರಟು, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಸ್ವತಃ ಕೊಟ್ಟು ಬರುತ್ತೇವೆ. ಶೆಟ್ಟೆವ್ವಳೂ ಬರುತ್ತಾಳೆ. ಸಾಹೇಬರು ಮಾತಾಡಿದರೆ ಕೇಳಿಸಿಕೊಳ್ಳಲು ಅವಳ ಕಿವಿ ಬೇಕು. ಈ ಪತ್ರವನ್ನೂ ಜೊತೆಗೆ ತರುತ್ತೇನೆ. ನಿನ್ನೆದುರು ಇದನ್ನು ಬಾಯಿಂದ ಹೇಳುವ ಧೈರ್ಯ ನನಗಿಲ್ಲ.

ಲಗಮಣ್ಣ



ರಾಮದುರ್ಗ
೨೨ ಮೇ ೨೦೨೫

ಪ್ರೀತಿಯ ಮುತ್ಯಾ,

ನೀವು ಬಂದ ದಿನ ನನ್ನನ್ನು ಮಣ್ಣು ತರಲು ಹಳ್ಳಿಗಳಿಗೆ ಕಳಿಸಿದ್ದರು. ಸಂಜೆ ಸ್ನೇಹಲ್ ನಿಮ್ಮ ಪತ್ರ ಕೊಟ್ಟಳು. ಬಾಳೇಶ ಸರ್ ಕುರ್ಚಿ ತೋರಿಸಿದರೂ ನೀವು ಕೂರಲಿಲ್ಲವಂತೆ. ಆಯಿ ಮಾತ್ರ ಚೀಲಗಳ ನಡುವೆ ಕುಳಿತು, ಒಂದರಿಂದ ಚಿಟಿಕೆ ಮಣ್ಣು ನಾಲಗೆಗೆ ಹಚ್ಚಿ, "ಇದು ಸವಳ ಐತಿ. ಮಶೀನ ಯಾಕ ಬೇಕ?" ಎಂದಳಂತೆ. ಸ್ನೇಹಲ್ ಪರೀಕ್ಷೆ ಮಾಡಿ ನೋಡಿದಳು. ಸವಳೇ!

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ನಾನು ಬರೆದ ಆ ಸಾಲು ನೆನೆದರೆ ಮುಖ ಬಿಸಿಯಾಗುತ್ತದೆ. ಎಲ್ಲರಿಗಿಂತ ಚೆನ್ನಾಗಿ ತಿಳಿದವರಿಗೇ ತಿಳಿಯುವುದಿಲ್ಲ ಎಂದುಬಿಟ್ಟೆ.

ಹದಿನೈದು ಎಲ್ಲರಿಗೂ ಹೊರಗಿನ ದಿನ. ಹದಿನಾರಕ್ಕೆ ಹೋದೆ. ನಿಮ್ಮ ಹೇಳಿಕೆಯನ್ನು ಏಜೆನ್ಸಿಯವರು ಒಪ್ಪಿದ್ದರು. ನನ್ನ ಕರಾರು ಮೇಜಿನ ಮೇಲಿತ್ತು, ನನ್ನ ಹೆಸರು ಕಾಣುತ್ತಿತ್ತು. ಬಾಳೇಶ ಸರ್ ಅದರ ಮೇಲೆ ಒಂದು ಬಿಳಿ ಹಾಳೆ ಇಟ್ಟರು.

"ಇಷ್ಟೆಲ್ಲಾ ತ್ರಾಸ ಆತಲ್ಲ ಏಜೆನ್ಸಿಯವರಿಗೆ. ತ್ರಾಸ ಕೊಟ್ಟಿದ್ದಕ್ಕ ನಿನ್ನ ಕೈಲೇ ಒಂದ ಸಣ್ಣ ಮಾಫಿ ಪತ್ರ ಬರದ ಕೊಡ ಅಂದಾರ. ಎರಡ ಸಾಲು. ಮುಗದ ಹೋತು."

ಪೆನ್ನೂ ಅವರೇ ಕೊಟ್ಟರು. ಒಳ್ಳೆಯ ಮನುಷ್ಯ ಮುತ್ಯಾ, ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು. ನಾನು "ಬರಿಯೂದಿಲ್ಲರಿ ಸರ್" ಎಂದೆ.

"ಯಾಕ?"

"ತಪ್ಪ ಮಾಡಿಲ್ಲರಿ."

"ಅದು ನನಗೂ ಗೊತ್ತೈತಿ, ಅವರಿಗೂ ಗೊತ್ತೈತಿ. ಸುಮ್ನ ಬರಿ."

ಬರೆಯಲಿಲ್ಲ. ಹೊರಗೆ ಬಂದೆ. ಗುರುಬಸವ್ವನವರಿಗೆ ಎಲ್ಲ ಹೇಳಿದೆ. ಅವರು, "ಮನ್ಯಾಗ ಅದಿಯಲ್ಲ, ಈ ಮೆಣಸಿನಕಾಯಿ ತೊಟ್ಟ ತಗಿ ಬಾ" ಎಂದು ಮೊರ ಮುಂದಿಟ್ಟರು. ಐದು ದಿನ ಯಾರೂ ಕರೆಯಲಿಲ್ಲ. ಐದು ದಿನವೂ ನನ್ನ ನಿರ್ಧಾರ ಸರಿ ಎಂದು ಅನ್ನಿಸಿತು ಎಂದರೆ ಸುಳ್ಳು. ನಾಲ್ಕನೆಯ ದಿನ ಎರಡು ಸಾಲು ಬರೆದೂ ನೋಡಿದೆ. ಆಮೇಲೆ ಒಲೆಗೆ ಹಾಕಿದೆ.

ಕೇಂದ್ರದಲ್ಲಿ ಚೀಲಗಳು ಬಾಗಿಲಿನವರೆಗೆ ಬಂದವಂತೆ. "ಆ ಹುಡುಗಿ ಎಲ್ಲಿ ಅದಾಳ? ನನ್ನ ಮಣ್ಣು ಆಕೀನ ನೋಡಬೇಕು" ಎಂದು ಮಡಿವಾಳೆಪ್ಪನವರು ದಿನಾಲೂ ಬಂದು ಹೊಸ್ತಿಲಲ್ಲೇ ಕುಳಿತಿರುತ್ತಿದ್ದರಂತೆ. ಇಪ್ಪತ್ತನೆಯ ತಾರೀಖು ಸಂಜೆ ಬಾಳೇಶ ಸರ್ ಫೋನ್ ಮಾಡಿದರು. "ಬಾರವಾ. ನಾ ಅವರ ಕೂಡ ಮಾತಾಡೇನಿ. ಏನೂ ಬರಿಯೂದು ಬ್ಯಾಡ." ನಿನ್ನೆ ಸಹಿ ಮಾಡಿದೆ. ಮತ್ತೆ ಹನ್ನೊಂದು ತಿಂಗಳು. ಬರುವ ಏಪ್ರಿಲ್ ಇಪ್ಪತ್ತಕ್ಕೆ ಇದೂ ಮುಗಿಯುತ್ತದೆ. ಆಮೇಲಿನದು ಗೊತ್ತಿಲ್ಲ. ಸ್ನೇಹಲ್ ಒಂದು ದಿನ ಹೊರಗಿದ್ದಳು, ನಾನು ಆರು ದಿನ. ಕಾಗದದಲ್ಲಿ ನಮ್ಮಿಬ್ಬರ ನಡುವೆ ಇರುವ ಫರಕು ಅಷ್ಟೇ.

ನಿಮ್ಮ ಪ್ರಜ್ಞಾ



ಬೈಲಹೊಂಗಲ
೨೬ ಮೇ ೨೦೨೫

ವಿಷಯ: ಕೆಲವು ವಿವರಗಳನ್ನು ಕೋರಿ.
ಉಲ್ಲೇಖ: ನಿನ್ನ ದಿನಾಂಕ ೨೨ ಮೇ ಪತ್ರ.

ಚಿ. ಪ್ರಜ್ಞಾ,

ಪತ್ರ ತಲುಪಿತು. ಶೆಟ್ಟೆವ್ವಳಿಗೂ ಭೀಮಶಿಗೂ ಗಟ್ಟಿಯಾಗಿ ಓದಿ ಹೇಳಿದೆ. ನನ್ನ ಸವದತ್ತಿಯ ಸಂಗತಿಯನ್ನೂ ಭೀಮಶಿಗೆ ತಿಳಿಸಿದೆ. ಅವನು ನನ್ನ ಕಿವಿಯ ಹತ್ತಿರ ಬಂದು, "ಹನ್ನೊಂದೂವರಿ ವರ್ಷ ಹೆಂಗ ತಡಕೊಂಡಿ ಅಪ್ಪಾ?" ಎಂದು ಕೇಳಿದ. ಕೂಗಲಿಲ್ಲ. ಆದರೂ ಕೇಳಿಸಿತು.

ನಿನ್ನ ಪತ್ರದಲ್ಲಿ ಒಂದು ಕೊರತೆ ಇದೆ. ಮೆಣಸಿನಕಾಯಿ, ಮೊರ, ಮಡಿವಾಳೆಪ್ಪನವರು ಕುಳಿತ ಹೊಸ್ತಿಲು, ಎಲ್ಲವನ್ನೂ ವಿಸ್ತಾರವಾಗಿ ಬರೆದಿರುವೆ. ಬರೆಯುವುದಿಲ್ಲ ಎಂದು ನೀನು ಹೇಳಿದ ಆ ಗಳಿಗೆಯನ್ನು ಮಾತ್ರ ಒಂದೇ ಸಾಲಿನಲ್ಲಿ ದಾಟಿಬಿಟ್ಟಿರುವೆ. ಆದಕಾರಣ ಕೆಳಗಿನವುಗಳನ್ನು ತಿಳಿಸಬೇಕಾಗಿ ಕೋರಿಕೆ. ಆಗ ನೀನು ನಿಂತಿದ್ದೆಯೋ, ಕುಳಿತಿದ್ದೆಯೋ? ಧ್ವನಿ ಗಟ್ಟಿಯಾಗಿತ್ತೋ, ನಡುಗಿತೋ? ಅವರ ಮುಖ ನೋಡುತ್ತ ಹೇಳಿದೆಯೋ, ಹಾಳೆ ನೋಡುತ್ತ ಹೇಳಿದೆಯೋ? ಅವರು ಕೊಟ್ಟ ಪೆನ್ನನ್ನು ಎಲ್ಲಿ ಇಟ್ಟೆ? ಹೇಳಿ ಮುಗಿದ ಮೇಲೆ ಆ ಕೋಣೆಯಲ್ಲಿ ಏನಾಯಿತು, ಫ್ಯಾನು ತಿರುಗುತ್ತಿತ್ತೆ, ಯಾರಾದರೂ ಕೆಮ್ಮಿದರೆ? ಬಾಗಿಲಿನವರೆಗೆ ನಡೆಯುವಾಗ ಕಾಲು ಹೇಗಿದ್ದವು?

ಒಂದೊಂದನ್ನೂ ಬಿಡಿಸಿ ಬರೆ. ಅಂಥ ಮೇಜಿನ ಮುಂದೆ ನಾನು ಇಪ್ಪತ್ತಮೂರು ಸಲ ನಿಂತಿದ್ದೇನೆ. ಆದರೆ ಈ ಮಾತು ಹೇಳಿದರೆ ಅಲ್ಲಿ ಏನಾಗುತ್ತದೆ ಎಂಬುದನ್ನು ನಾನು ನೋಡಿಲ್ಲ.

ನಿನ್ನ ಮುತ್ಯಾ,
ಲಗಮಣ್ಣ